ನಾಯಕರು ಹಾಡತಕ್ಕದ್ದಲ್ಲ

ಕಲೆಯಲ್ಲಿ ನಾಯಕರಾದವರು ಒಬ್ಬರಿಂದೊಬ್ಬರು ಕಲಿತು ಒಬ್ಬರಿಗೊಬ್ಬರು ಆಸರೆಯಾಗಬೇಕೆಂಬುದು ನಮ್ಮ ಕ್ರೈಸ್ತ ಕಲಾನಾಯಕರ ಒಕ್ಕೂಟದ ಧ್ಯೇಯವಾಗಿರುತ್ತದೆ. ಈ ಧ್ಯೇಯವು ಪ್ರಸಕ್ತ ಸಾಲಿನಲ್ಲಿ ಪೂರ್ತಿಯಾಗಿ ಈಡೇರಿದೆಯೆಂದು ಕಾರ್ಯದರ್ಶಿಯಾದ ನಾನು ಹೆಮ್ಮೆಯಿಂದ ತಿಳಿಸುತ್ತೇನೆ. ಅದಕ್ಕೆ ಕಾರಣಳಾದವಳು ಹೊಲಿಗೆಯಕ್ಕ.

ಒಕ್ಕೂಟದ ಸಮಾವೇಶ ಎಂದಿನಂತೆ ಪ್ರಾರಂಭಗೀತೆಯಿಂದ ಶುರುವಾಯಿತು. ಅಂದರೆ, ಬೇರೆ ಬೇರೆ ಚರ್ಚ್ ಸಭೆಗಳ ಗಾಯನ ತಂಡಗಳ ಮೂವತ್ತು ನಾಯಕರು ಎದ್ದು ನಿಂತು, ತಾಳದ ಕೋಲೆತ್ತಿ, ಬೀಸಿ, ಕುಳಿತರು. ಯಾರೂ ಬಾಯಿ ತೆರೆಯಲಿಲ್ಲ. ನಮ್ಮ ಏಳನೇ ನಿಯಮ ಸ್ಪಷ್ಟವಾಗಿದೆ: ನಾಯಕರು ಹಾಡತಕ್ಕದ್ದಲ್ಲ, ಹಾಡಿಸತಕ್ಕದ್ದು. ಹಿಂದೊಮ್ಮೆ ಅಧ್ಯಕ್ಷರು ಭಾವಪರವಶರಾಗಿ ಹಾಡಿಬಿಟ್ಟು, ಶ್ರುತಿ ತಪ್ಪಿ, ಅಧ್ಯಕ್ಷಗಿರಿಗೇ ಸಂಚಕಾರ ಬಂದಿತ್ತು. ಆ ಮೇಲೆ ಈ ನಿಯಮ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಕಂಡಳು. ಕೊರಳಲ್ಲಿ ಅಳತೆ ಟೇಪು. ಹೊಲಿಗೆಯಕ್ಕ ಎಂದೆನಲ್ಲ, ಇವಳೇ.

"ತಾವು ಯಾವ ತಂಡದ ನಾಯಕಿ?" ಎಂದು ಕೇಳಿದೆ.

"ನಾಯಕಿ ಗೀಯಕಿ ಏನಿಲ್ಲ ಅಣ್ಣಾ. ನಾನು ಹಾಡ್ತೀನಿ ಅಷ್ಟೇ."

ಸಭಾಂಗಣವೆಲ್ಲ ತಿರುಗಿ ನೋಡಿತು. ಹಾಡುವವರೊಬ್ಬರು ನಮ್ಮ ಸಮಾವೇಶಕ್ಕೆ ಬಂದದ್ದು ಅದೇ ಮೊದಲು. ಪಾಪ, ಕೂರಲು ಕುರ್ಚಿ ಕೊಟ್ಟೆವು.

ಅವಳ ಕಷ್ಟ ಇದು. ಅವಳ ಸಭೆಯ ಗಾಯನ ತಂಡದಲ್ಲಿ ಊರು ಬಿಟ್ಟವರು ಬಿಟ್ಟು, ಕೆಮ್ಮು ಹತ್ತಿದವರು ಮೂಲೆ ಸೇರಿ, ಉಳಿದವಳು ಅವಳೊಬ್ಬಳೇ. ಬರುವ ಭಾನುವಾರದೊಳಗೆ ತಂಡ ಕೂಡದಿದ್ದರೆ ಹಾಡಿನವರ ಬೆಂಚು ತೆಗೆಸಿ, ಅಲ್ಲಿ ಸ್ಪೀಕರ್ ಇಟ್ಟು ಹಾಡು ಹಾಕಿಸುವುದಾಗಿ ಪಾಸ್ಟರ್ ಹೇಳಿದ್ದರು.

"ನಮ್ಮಪ್ಪನಿಗೆ ಕಣ್ಣು ಕಾಣಲ್ಲ," ಎಂದಳು. "ನನ್ನ ಹಾಡು ಕೇಳೋಕೇ ಅಂತ ಭಾನುವಾರ ಎದ್ದು ತಲೆ ಬಾಚಿಸ್ಕೊಳ್ತಾರೆ. ಮೂರು ಜನ ಬಂದು ಜೊತೆಗೆ ದನಿಗೂಡಿಸಿ, ಸಾಕು. ನಿಮ್ಮ ದಮ್ಮಯ್ಯ."

"ಮೂವರೇಕೆ?" ಎಂದರು ಅಧ್ಯಕ್ಷರು, ಗದ್ಗದಿತರಾಗಿ. "ಮೂವತ್ತೂ ಜನ ಬರ್ತೀವಿ ತಂಗೀ!"

ಕೊಟ್ಟ ಮಾತಿನಂತೆ ಹೋದೆವು. ಬೆಂಚಿನ ಮುಂದೆ, ಹಿಂದೆ, ಕಿಟಕಿಯ ಕಟ್ಟೆಯ ಮೇಲೆ ನಿಂತು ಕೋಲೆತ್ತಿ ಬೀಸಿ ನೋಡಿದೆವು. ನಡುವೆ ಹೊಲಿಗೆಯಕ್ಕ ಒಬ್ಬಳು. ಮೂಗಿಗಿಂತ ಮೂಗುತಿ ಭಾರ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಏನಮ್ಮಾ, ಇಷ್ಟೊಂದು ಗಾಳಿ?" ಎಂದರು ಮೊದಲ ಸಾಲಿನಲ್ಲಿ ಕುಳಿತಿದ್ದ ಅವಳಪ್ಪ.

"ಗಾಳಿ ಅಲ್ಲಪ್ಪಾ, ನಾಯಕರು."

"ಎಲ್ಲರೂ ಪಲ್ಲಕ್ಕಿ ಏರಿದರೆ ಹೊರೋರು ಯಾರಮ್ಮಾ?"

ಕಾರ್ಯಕ್ರಮದಲ್ಲಿ ಪಲ್ಲಕ್ಕಿಯ ವಿಷಯ ಇಲ್ಲದ್ದರಿಂದ ಪ್ರಶ್ನೆಯನ್ನು ಕೈಬಿಡಲಾಯಿತು.

ಮೂವತ್ತು ಕೋಲು ಮೂವತ್ತು ತಾಳ ಹಾಕಿದವು. ಅವಳು ಕಣ್ಣು ಮುಚ್ಚಿಕೊಂಡು ತನ್ನ ಪಾಡಿಗೆ ಹಾಡಿದಳು. ಅಬ್ಬಾ, ಏನು ಕಂಠ! ಮುದುಕರಾದ ಅವಳಪ್ಪನ ಮುಖ ಅರಳಿತು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಪಾಸ್ಟರಂತೂ, "ಇಷ್ಟು ನಾಯಕರಿದ್ದಾರೆ ಅಂದರೆ ತಂಡ ದೊಡ್ಡದೇ ಇರಬೇಕು," ಎಂದು ಸ್ಪೀಕರನ್ನು ಉಗ್ರಾಣಕ್ಕೆ ಕಳಿಸಿದರು.

ಇಂಥವಳನ್ನು ಬರೀ ಹಾಡುವವಳಾಗಿ ಬಿಡುವುದು ಒಕ್ಕೂಟಕ್ಕೇ ಅವಮಾನವೆಂದು ಕಂಡಿತು. ಅಲ್ಲೇ ತುರ್ತು ಸಭೆ ಸೇರಿ, ಅವಳನ್ನು ಸರ್ವಾನುಮತದಿಂದ ನಾಯಕಿಯನ್ನಾಗಿ ಮಾಡಿ, ಶಾಲು ಹೊದಿಸಿ, ಕೈಗೆ ಕೋಲು ಕೊಟ್ಟೆವು.

"ಬೇಡಣ್ಣಾ, ನಾನು ಹಾಡ್ಕೊಂಡೇ ಇರ್ತೀನಿ," ಎಂದಳು.

"ಹಾಗಂದ್ರೆ ಹೇಗಮ್ಮಾ? ನೀನು ನಾಯಕಿಯಾದರೆ ಒಕ್ಕೂಟದವಳಾದೆ, ನಾವು ಪ್ರತಿ ಭಾನುವಾರ ಬರಬಹುದು. ನಾವು ಬಂದರೆ ಬೆಂಚು ಉಳಿಯುತ್ತೆ," ಎಂದರು ಅಧ್ಯಕ್ಷರು.

ಬೆಂಚಿನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಕೋಲು ತೆಗೆದುಕೊಂಡಳು.

ಮುಂದಿನ ಭಾನುವಾರ ಮೂವತ್ತೊಂದು ಕೋಲುಗಳು ಒಟ್ಟಿಗೇ ಎದ್ದವು. ಹಾಡು ಸದ್ದಿಲ್ಲದೆ, ಅಪಸ್ವರವಿಲ್ಲದೆ ಸಾಗಿತು. "ಎಂಥಾ ಶಿಸ್ತು!" ಎಂದು ಸಭೆಯವರು ತಲೆದೂಗಿದರು. ಪಾಸ್ಟರ್ ಇನ್ನೊಂದು ಚರಣ ಕೇಳಿದರು.

"ಹಾಡು ಯಾವಾಗ?" ಎಂದರು ಮುದುಕರು.

ಪಾಪ, ಕಣ್ಣಿನ ಜೊತೆಗೆ ಕಿವಿಯೂ ಹೋಗಿದೆ ಎಂದುಕೊಂಡೆವು. ಆಸರೆಯಾಗುವುದೆಂದರೆ ಬರೀ ಬಾಯಿಮಾತೇ? ಒಕ್ಕೂಟದಿಂದಲೇ ಕಿವಿಗೆ ಮೆಷಿನ್ ತರಿಸಿ, ಅದರ ಮುಂದಿನ ಭಾನುವಾರ ಅಧ್ಯಕ್ಷರೇ ಕೈಯಾರೆ ತೊಡಿಸಿದರು.

"ಈಗ ಕೇಳ್ತಿದೆಯಾ ತಾತಾ?"

"ಚೆನ್ನಾಗಿ ಕೇಳ್ತಿದೆ. ಫ್ಯಾನು ತಿರುಗ್ತಿದೆ. ಯಾರದೋ ಚಪ್ಪಲಿ ಕಿರುಗುಡ್ತಿದೆ." ಸ್ವಲ್ಪ ಹೊತ್ತು ಕುತ್ತಿಗೆ ಚಾಚಿ ಕೇಳಿಸಿಕೊಂಡರು. "ಮಗಳೇ, ಎಲ್ಲಿದ್ದೀಯಮ್ಮಾ?"

ಹೊಲಿಗೆಯಕ್ಕನ ತುಟಿ ಅಲುಗಿತು. ಅಧ್ಯಕ್ಷರು ಏಳನೇ ನಿಯಮವನ್ನು ಕಣ್ಣಲ್ಲೇ ನೆನಪಿಸಿದರು. ಅವಳು ಉತ್ತರವಾಗಿ ಕೋಲನ್ನು ಅಪ್ಪನಿಗೆ ಕಾಣಲೆಂಬಂತೆ ಇನ್ನಷ್ಟು ಮೇಲೆತ್ತಿ ಬೀಸಿದಳು.

ಸಭೆಯೆಲ್ಲ "ಆಮೆನ್" ಎಂದಿತು. ಎಲ್ಲರೂ ಅಂದ ಮೇಲೆ ಮುದುಕರೂ ಮೆಲ್ಲಗೆ "ಆಮೆನ್" ಎಂದರು.

ಈ ಬಗ್ಗೆ ಯಾರದೂ ಆಕ್ಷೇಪಣೆ ಇರುವುದಿಲ್ಲ.