ದಫೇದಾರ ಮತ್ತು ಹೊಸಿಲು

ತಾಯಲೂರಿನ ಮುನಿಯಲ್ಲಪ್ಪನವರು ಖಾದಿ ಟೋಪಿ ಸರಿಮಾಡಿಕೊಂಡು, ಅರಳಿಕಟ್ಟೆಯ ಮೇಲೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದರು: “ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರೋವರ್ಗೂ ಸರ್ಕಾರಿ ಸಂಬಳದ ಕಾಲು ನನ್ನ ಹೊಸಿಲು ದಾಟಕೂಡದು! ಜೈಲಿಗಾದ್ರೂ ಸೈ!” ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು, ಸಂಸ್ಥಾನದಲ್ಲಿ ಮಾತ್ರ ಇನ್ನೂ ಅರಮನೆಯದೇ ಆಳ್ವಿಕೆ. ಜನ ಚಪ್ಪಾಳೆ ತಟ್ಟಿದರು.

ಹೆಂಡತಿ ಅನಸೂಯಮ್ಮ ತಟ್ಟಲಿಲ್ಲ. ಆಕೆಯ ತಮ್ಮ ಕದಿರೇಶ ಪೋಲೀಸ್ ದಫೇದಾರ!

“ಶುಕ್ರವಾರ ಮಗೂಗೆ ಕಿವಿ ಚುಚ್ಚಬೇಕು. ಸೋದರಮಾವ ಇಲ್ದೆ ಯಾರ ತೊಡೆ ಮೇಲೆ ಕೂರಿಸ್ತೀರಾ?”

“ನನ್ನ ತೊಡೆಗೇನಾಗಿದೆ?”

“ಅದು ಅಪ್ಪನ ತೊಡೆ. ಶಾಸ್ತ್ರಕ್ಕೆ ಬರಲ್ಲ!”

“ಹಂಗಾದ್ರೆ ಕಾಕಿ ಬಿಚ್ಚಿಟ್ಟು ಬರ್ಲಿ.”

ಕದಿರೇಶನಿಗೇನು ರೋಷ ಕಡಿಮೆಯೇ? “ಭಾವ ಟೋಪಿ ತೆಗೆದ್ರೆ ನಾನು ಕಾಕಿ ತೆಗೀತೀನಿ” ಎಂದು ಹೇಳಿಕಳಿಸಿ, ಶುಕ್ರವಾರ ಬೆಳಿಗ್ಗೆ ಬೂಟು ಬೆಲ್ಟು ಸಮೇತ ಬಂದು ಜಗುಲಿಯ ಮೇಲೆ ಕುಳಿತ. ಮುನಿಯಲ್ಲಪ್ಪನವರು ಒಳಗಿನಿಂದ ಹೊಸಿಲಿಗೆ ಕಾವಲು ಕುಳಿತರು.

“ಜಗುಲಿ ಮೇಲೇ ಚುಚ್ಚಿಬಿಡ್ಲಾ?” ಎಂದ ಅಕ್ಕಸಾಲಿ ಪೆದ್ದಪ್ಪ.

“ಬೀದೀಲಿ ಶಾಸ್ತ್ರ ಮಾಡೋಕೆ ನನ್ನ ತಮ್ಮ ಬೀದಿಗೆ ಬಿದ್ದಿಲ್ಲ!” ಎಂದು ಅನಸೂಯಮ್ಮ ಗುಡುಗಿದರು.

ಅಷ್ಟರಲ್ಲಿ ಮಗು ಪೆದ್ದಪ್ಪನ ಕೈಯ ಸೂಜಿ ಕಂಡು ಕಿಟಾರನೆ ಕಿರುಚಿತು. ಸಮಾಧಾನ ಮಾಡಲು ಕದಿರೇಶ ಹೊಸಿಲಾಚೆಯಿಂದಲೇ ಕೈ ಚಾಚಿ ತನ್ನ ಸೀಟಿ ಕೊಟ್ಟ. ಮಗು ಇದ್ದಬದ್ದ ಉಸಿರೆಲ್ಲ ಹಾಕಿ ಊದಿತು. ಪೋಲೀಸ್ ಸೀಟಿ ಊರಿಗೆಲ್ಲ ಕೇಳಿಸಿತು!

“ಮುನಿಯಲ್ಲಪ್ಪನ್ನ ಹಿಡಿದ್ರು!” ಕ್ಷಣದಲ್ಲಿ ಬೀದಿ ತುಂಬ ಜನ, ಬಾವುಟ, ಜೈಕಾರ. ಪಕ್ಕದ ಮನೆಯ ಮುನಿಶಾಮಿ ನುಗ್ಗಿಬಂದು ಸೇವಂತಿಗೆ ಹಾರ ಹಾಕಿಯೇಬಿಟ್ಟ. ಇನ್ನು ಜೈಲಿಗೆ ಹೋಗದಿದ್ದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ!

ಪ್ರತಿಜ್ಞೆ ಮಾಡಿದಂದಿನಿಂದ ಮುನಿಯಲ್ಲಪ್ಪನವರು ಬಾಮೈದನೊಡನೆ ಮಾತು ಬಿಟ್ಟಿದ್ದರು. ಈಗ ಪಿಸುಗುಟ್ಟಿದರು: “ಲೇ ಕದಿರೇಶ, ನನ್ನ ಮಾನ ಉಳಿಸೋ. ಅರೆಸ್ಟ್ ಮಾಡೋ!”

“ಹೊಸಿಲು ದಾಟದೆ ಹೆಂಗೆ ಹಿಡೀಲಿ ಭಾವ?”

“ನಾನೇ ಹೊರಗೆ ಬರ್ತೀನಿ.”

“ಹಂಗೆ ಬಂದ್ರೆ ಶರಣಾದಂಗೆ. ನಿಮ್ಮಂಥೋರಿಗೆ ಮರ್ಯಾದೆ ಅಲ್ಲ.”

ಮುನಿಯಲ್ಲಪ್ಪನವರು ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿದರು: “ಬಾರೋ ಒಳಕ್ಕೆ!”

ಕದಿರೇಶ ಬೂಟು ಬಿಚ್ಚಿ, ಬಲಗಾಲಿಟ್ಟು ಒಳಗೆ ಬಂದು, ಸೀದಾ ಮಣೆಯ ಮೇಲೆ ಕುಳಿತು ಮಗುವನ್ನು ತೊಡೆಗೆ ಎಳೆದುಕೊಂಡ. “ಸರಿಪೋಯಿಂದಿ!” ಎಂದು ತೆಲುಗಿನಲ್ಲೇ ಸರಿಹೋಯಿತೆಂದು ಸಾರಿ ಪೆದ್ದಪ್ಪ ಚುಚ್ಚಿಯೇಬಿಟ್ಟ. ಮಗುವಿಗಿಂತ ಜೋರಾಗಿ ದಫೇದಾರನೇ ಅತ್ತ! ತಮ್ಮ ಮದುವೆಯ ಹೊಸದರಲ್ಲಿ “ಭಾವಾ, ಭಾವಾ” ಎಂದು ಬೆನ್ನು ಬಿಡದೆ ತಿರುಗುತ್ತಿದ್ದ ಹುಡುಗ ಇವನೇ ಅಲ್ಲವೇ ಎಂದು ಮುನಿಯಲ್ಲಪ್ಪನವರಿಗೆ ಕರುಳು ಚುರಕ್ಕೆಂದಿತು. ತಾವೇ ಎಲೆ ಹಾಕಿ, ಒಬ್ಬಟ್ಟಿಗೆ ಧಾರಾಳವಾಗಿ ತುಪ್ಪ ಸುರಿದರು.

ಊಟವಾಯಿತು. ಹಾರ ಸರಿಮಾಡಿಕೊಂಡು, ಎದೆಯುಬ್ಬಿಸಿ ನಿಂತರು. “ನಡಿಯಪ್ಪ, ಜೈಲಿಗೆ!”

ಕದಿರೇಶ ತೇಗಿದ. “ಯಾವ ಜೈಲು ಭಾವ? ನಾನು ರಜದ ಮೇಲೆ ಬಂದಿದೀನಿ. ಇವತ್ತು ಒಂದು ಕೋಳಿ ಹಿಡಿಯೋಕೂ ನಂಗೆ ಅಧಿಕಾರ ಇಲ್ಲ!”

ಬೀದಿಯಲ್ಲಿ ಕಾದು ಸುಸ್ತಾಗಿದ್ದ ಮುನಿಶಾಮಿ ಕಿಟಕಿಯಲ್ಲಿ ಮುಖ ತೂರಿಸಿದ.

“ಅಣ್ಣಾ, ಬೇಜಾರು ಮಾಡ್ಕೋಬೇಡ. ಮುಳಬಾಗಿಲಲ್ಲಿ ಯಾರನ್ನೋ ನಿಜವಾಗ್ಲೂ ಹಿಡಿದವ್ರಂತೆ. ಬಾಡೋದ್ರೊಳಗೆ ಆ ಹಾರ ಕೊಟ್ಬಿಡು!”