ತೋಟಪ್ಪನ ಚಿತ್ರಾನ್ನ

ಹೋಟೆಲಿನಲ್ಲಾದರೆ ಊಟಕ್ಕೆ ಎಂಬತ್ತು ರೂಪಾಯಿ. ಹತ್ತು ಜನಕ್ಕೆ ಎಂಟುನೂರು. ಮನೆಯಲ್ಲೇ ಚಿತ್ರಾನ್ನ ಕಲಸಿದರೆ ಇನ್ನೂರೈವತ್ತಕ್ಕೆ ಮುಗಿಯುತ್ತದೆ. ಚಳ್ಳಕೆರೆಯ ತೋಟಪ್ಪ ಈ ಲೆಕ್ಕ ಹಾಕಿ, ನಸುಕಿನಲ್ಲೇ ಎದ್ದು, ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟು, ಸ್ವಂತ ಕೈಯಿಂದ ಅನ್ನ ಕಲಸಿ ದೊಡ್ಡ ಡಬ್ಬಿಗೆ ತುಂಬಿದ. ಮಗಳು ತ್ರಿವೇಣಿಯ ಮದುವೆ ಸೀರೆಗೆಂದು ಬೀಗರ ಜೊತೆ ಮೊಳಕಾಲ್ಮೂರಿಗೆ ಹೊರಟ ದಿನ ಅದು.

ನೇಕಾರರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಮಧ್ಯಾಹ್ನ ಹೊಗಳಿಕೊಂಡೇ ಉಂಡರು. ಇಪ್ಪತ್ತು ಸೀರೆ ಬಿಚ್ಚಿಸಿ, ಇನ್ನೂ ಒಂದೂ ಒಪ್ಪಿಗೆಯಾಗದ ಹೊತ್ತಿಗೆ ಬೀಗ ಮುರುಗೇಂದ್ರಪ್ಪ ಬಾಯಿಗೆ ಕೈ ಒತ್ತಿಕೊಂಡು ಹಿತ್ತಿಲಿಗೆ ಓಡಿದರು. ಹಿಂದೆಯೇ ಬೀಗಿತ್ತಿ, ಮದುಮಗ, ತ್ರಿವೇಣಿ. ಹಿತ್ತಿಲಿನಲ್ಲಿ ರೇಷನ್ ಅಂಗಡಿಯ ಹಾಗೆ ಸಾಲು. ತೋಟಪ್ಪ ಮಾತ್ರ ಕಂಬದ ಹಾಗೆ ನಿಂತಿದ್ದ.

"ನಿಮಗೇನೂ ಆಗ್ಲಿಲ್ಲವಲ್ರೀ ಬೀಗ್ರೇ?" ಎಂದು ಮುರುಗೇಂದ್ರಪ್ಪ ಕೇಳಿದರು.

"ನಾನೂ ಅದನ್ನೇ ತಿಂದೀನ್ರೀ."

"ತಿಂದಿದ್ದು ಯಾರು ಕಂಡವ್ರೆ?" ಎಂದಳು ನೋಡಲು ಬಂದ ಪಕ್ಕದ ಮನೆಯ ಸೂರಮ್ಮ. "ಏನೋ ಹಾಕೈತೆ ಈಯಪ್ಪ."

"ಹಂಗಾದ್ರೆ ಈ ಸಂಬಂಧವೇ ಬ್ಯಾಡ," ಎಂದರು ಮುರುಗೇಂದ್ರಪ್ಪ.

ತೋಟಪ್ಪ ಸರಸರನೆ ಒಳಗೆ ಹೋದ. ಡಬ್ಬಿ ತಂದು, ಎಲ್ಲರೆದುರು ಕುಳಿತು, ಉಳಿದಿದ್ದನ್ನೆಲ್ಲ ತಳ ಕೆರೆದು ತಿಂದ. ಎಲ್ಲರೂ ಕಾದರು. ಬಂದದ್ದು ಒಂದು ತೇಗು.

"ನೋಡಿದ್ರಾ, ಮದ್ದು ಮೊದ್ಲೇ ಕುಡ್ಕಂಡು ಬಂದೈತೆ," ಎಂದಳು ಸೂರಮ್ಮ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರಿಗೂ ಡ್ರಿಪ್ ಹಾಕಿಸಿ, ತೋಟಪ್ಪನ ಹೆಬ್ಬೆರಳು ಹಿಡಿದು ನೋಡಿದರು.

"ಈ ಕುರು ಹೊಸದಾ?"

"ಇಲ್ರೀ ಮೇಡಂ. ವರ್ಷಗಟ್ಟಲೆ ಬರ್ತೈತೆ, ಹೋಗ್ತೈತೆ."

"ಇದರ ಕೀವಿನ ಕ್ರಿಮಿ ಅನ್ನಕ್ಕೆ ಸೇರಿ, ಈ ಬಿಸಿಲಿಗೆ ಮುಚ್ಚಿದ ಡಬ್ಬಿಯೊಳಗೆ ವಿಷ ಮಾಡಿದೆ. ನಿಮ್ಮ ರಕ್ತ ಆ ವಿಷವನ್ನ ಎಷ್ಟೋ ಸಲ ನೋಡಿ, ಅದನ್ನ ಹಿಡಿದುಹಾಕೋ ಪ್ರತಿಕಾಯ ತಯಾರು ಮಾಡಿಟ್ಟುಕೊಂಡಿರಬೇಕು. ಪಾಪ, ಇವರಿಗೆಲ್ಲ ಅದು ಹೊಸದು."

"ಮದ್ದು ಒಳಗೈತೆ ಅಂತ ನಾ ಹೇಳ್ಲಿಲ್ವಾ?" ಎಂದಳು ಜೊತೆಗೇ ಬಂದಿದ್ದ ಸೂರಮ್ಮ.

ಮುರುಗೇಂದ್ರಪ್ಪ ಮಲಗಿದ್ದಲ್ಲೇ ನಕ್ಕರು. "ಬೇಕಂತ ಮಾಡಿದ್ದಲ್ಲ ಅಂತಾಯ್ತು, ಬಿಡ್ರಿ. ಮದುವೆ ನಡೀತೈತೆ. ಆದ್ರೆ ಬೀಗ್ರೇ, ಅಡಿಗೆ ಮನೆ ಕಡೆ ನೀವು ತಲೆ ಹಾಕಂಗಿಲ್ಲ."

ಆಗಲಿ ಎಂದು ತೋಟಪ್ಪ ಕೈ ಮುಗಿದ.

ಸಂಜೆಗೆ ಎಲ್ಲರೂ ಚೇತರಿಸಿಕೊಂಡರು. ಹೊಟ್ಟೆ ಖಾಲಿ, ಹಸಿವು ಜೋರು. ಡಾಕ್ಟರಮ್ಮ ಇಡ್ಲಿಗೆ ಅಪ್ಪಣೆ ಕೊಟ್ಟರು. ಹೋಟೆಲಿನಲ್ಲಿ ಒಂಬತ್ತು ಜನ ತಟ್ಟೆಯ ಮೇಲೆ ತಟ್ಟೆ ತರಿಸಿದರು. ಡಬ್ಬಿಗಟ್ಟಲೆ ಚಿತ್ರಾನ್ನ ತುಂಬಿಕೊಂಡಿದ್ದ ತೋಟಪ್ಪನಿಗೆ ಒಂದು ಇಡ್ಲಿಗೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಬಿಲ್ಲು ಒಂಬೈನೂರು, ಕೊಟ್ಟಿದ್ದು ತೋಟಪ್ಪ. ಚಿತ್ರಾನ್ನದ ಇನ್ನೂರೈವತ್ತು ಬೇರೆ. ಸೀರೆ ಒಂದೂ ಆಗಲಿಲ್ಲ. ಮದುವೆ ಉಳಿಯಿತು.