ಗುಟ್ಟಾಗಿ ಗಂಡು ವಿಚಾರಿಸಿದ ಕತೆ

ನಾನು ಯಾವ ಊರಿಗೆ ಹೋದರೂ ಹೀಗೇ ಆಗುತ್ತದೆ. ಊರಿನ ವಿಷಯ ತಿಳಿದುಕೊಂಡು ಬರೋಣ ಅಂತ ನಾನು ಹೋದರೆ, ಊರು ನನ್ನ ವಿಷಯ ತಿಳಿದುಕೊಂಡು ವಾಪಸ್ ಕಳಿಸುತ್ತದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಗೋಪ್ಯ ವಿಭಾಗದಲ್ಲಿ ಕೂತು, ಒಂದು ಕಾಗದವೂ ಹೊರಗೆ ಹೋಗದಂತೆ ನೋಡಿಕೊಂಡವನು ನಾನು. ಆ ಜಂಬದಲ್ಲೇ, ಮಗಳಿಗೆ ಗಂಡು ನೋಡಲು ಶುರು ಮಾಡಿದಾಗ, ಹುಡುಗನ ಮನೆಯವರನ್ನು ವಿಚಾರಿಸುವ ಕೆಲಸ ನನಗೇ ಇರಲಿ ಅಂದೆ. "ಯಾರಿಗೂ ಗೊತ್ತಾಗ್ಬಾರ್ದು ಕಣ್ರೀ" ಅಂದಳು ಹೆಂಡತಿ. "ನನಗೇ ಹೇಳಿಕೊಡ್ತೀಯಾ?" ಅಂತ ಬಸವೇಶ್ವರನಗರದಿಂದ ಹೊರಟೆ.

ತಿಪಟೂರಿನ ಬೆಂಚು

ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಕೂತು, "ಈ ಕಡೆ ಸೈಟು ಗೀಟು ಸಿಗುತ್ತಾ?" ಅಂತ ಕೇಳಿದೆ.

ಅಂಗಡಿಯವರು ಟೀ ಸೋಸುತ್ತಾ, ತಲೆಯನ್ನೂ ಎತ್ತದೆ, "ಹೆಣ್ಣಿನ ಕಡೆಯೋರಾ?" ಅಂದರು.

ಕೈಯಲ್ಲಿದ್ದ ಬನ್ನು ನೆಲಕ್ಕೆ ಬಿತ್ತು. "ಹೇಗೆ ಗೊತ್ತಾಯ್ತು?"

"ಸೈಟು ನೋಡೋರು ನೆಲ ನೋಡ್ಕೊಂಡು ಬರ್ತಾರೆ ಸಾರ್. ನೀವು ಆ ಎದುರು ಮನೆ ಬಾಗಿಲು ನೋಡ್ಕೊಂಡು ಬಂದ್ರಿ. ಈ ತಿಂಗಳು ನೀವು ಮೂರನೆಯೋರು, ಎಲ್ರೂ ಇದೇ ಬೆಂಚಲ್ಲೇ ಕೂರೋದು. ಹುಡುಗ ಚಿನ್ನದಂಥೋನು, ಅದನ್ನ ನಾನು ಹೇಳ್ತೀನಿ. ಅತ್ತೆ ವಿಷಯ ಬೇಕು ಅಂದ್ರೆ ಫ್ಲೋರ್ ಮಿಲ್ಲಿಗೆ ಹೋಗಿ."

ನಮ್ಮ ಕಚೇರಿಯಲ್ಲೂ ವಿಚಾರಣೆ ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತಿರಲಿಲ್ಲ. ಮಿಲ್ಲಿಗೆ ಹೋಗಿ ಆ ಮನೆಯ ಯಜಮಾನಿಯ ಬಗ್ಗೆ ಒಂದೇ ಮಾತು ಕೇಳಿದೆ. ಮಿಲ್ಲಿನವನು ಮಿಷನ್ ಆಫ್ ಮಾಡಿ, ನನಗೊಂದು ಸ್ಟೂಲ್ ಹಾಕಿ, ತಾನೂ ಒಂದನ್ನು ಎಳೆದುಕೊಂಡು ಕೂತ. ಮಿಷನ್ ನಿಲ್ಲಿಸಿ ಹೇಳುವಷ್ಟಿದೆ ಅಂದಮೇಲೆ ಇನ್ನು ಕೇಳುವುದೇನು? ಸ್ಟೂಲಿನ ಮೇಲೆ ಕೂರದೆ ಬಸ್ ಹತ್ತಿದೆ.

ಹಿರಿಯೂರಿನ ಕರುಣೆ

ಈ ಸಲ ಯಾರನ್ನೂ ಏನೂ ಕೇಳುವುದು ಬೇಡ, ಬರೀ ನೋಡಿಕೊಂಡು ಬರೋಣ ಅಂತ ಹುಡುಗನ ಬೀದಿಯಲ್ಲಿ ನಾಲ್ಕು ಸಲ ಓಡಾಡಿದೆ. ಜನ ಎಂಥವರು ಅಂತೀರಿ! ಒಬ್ಬರು ಕರೆದು ಮಜ್ಜಿಗೆ ಕೊಟ್ಟರು, ಇನ್ನೊಬ್ಬರು ನೆರಳಲ್ಲಿ ಕೂರಿಸಿದರು, ಮತ್ತೊಬ್ಬರು ಒಳ್ಳೆಯ ಹೋಟೆಲಿನ ತನಕ ಬಂದು ಬಿಟ್ಟುಹೋದರು. ಈ ಊರಿಗೆ ಕಣ್ಣು ಮುಚ್ಚಿಕೊಂಡು ಮಗಳನ್ನು ಕೊಡಬಹುದು ಅನ್ನಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅದೇ ಬೀದಿಯ ಹೆಂಗಸು ಕಡಲೆಕಾಯಿ ಬಿಡಿಸುತ್ತಾ, "ಆ ಹುಡುಗನಿಗೆ ಮೊನ್ನೆನೇ ಹೆಣ್ಣು ಗೊತ್ತಾಯ್ತಲ್ಲ ಅಣ್ಣ" ಅಂದರು.

ನಾನು ಸೀಟಿನಿಂದ ಅರ್ಧ ಎದ್ದೆ. "ಮತ್ತೆ ಯಾರೂ ಹೇಳಲೇ ಇಲ್ಲ!"

"ಪಾಪ, ಬಿಸಿಲಲ್ಲಿ ಅಷ್ಟು ದೂರದಿಂದ ಬಂದಿದೀರ. ಹೊಟ್ಟೆ ತುಂಬ ತಿನ್ಕೊಂಡಾದ್ರೂ ಹೋಗ್ಲಿ ಅಂತ ಸುಮ್ನಿದ್ವಿ."

ಹುಳಿಯಾರಿನ ಪಟ್ಟಿ

ಎರಡು ಸಲ ಪೆಟ್ಟು ತಿಂದ ಮೇಲೆ ಹುಳಿಯಾರಿನಲ್ಲಿ ಅಂಗಡಿಗಳ ಕಡೆ ತಲೆ ಹಾಕಲಿಲ್ಲ. ರಸ್ತೆ ಬದಿಯಲ್ಲಿ ಒಬ್ಬರೇ ತೆಂಗಿನಕಾಯಿ ಸುಲಿಯುತ್ತಿದ್ದವರನ್ನು ಮೆಲ್ಲಗೆ ಕೇಳಿದೆ, "ಆ ಹಸಿರು ಗೇಟಿನ ಮನೆಯವರು ಹೇಗೆ?"

"ಅಪ್ಪನಿಗೆ ಮೂಗಿನ ತುದೀಲೇ ಕೋಪ. ಅಮ್ಮನ ಕೈಯಲ್ಲಿ ಉಪ್ಪು ಜಾಸ್ತಿ. ಹುಡುಗ ಒಳ್ಳೆಯೋನು, ಆದ್ರೆ ಗೊರಕೆ ಹೊಡೆದ್ರೆ ಬೀದಿಗೆಲ್ಲ ಕೇಳುತ್ತೆ."

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ನಾನೇ ಅಪ್ಪ" ಅಂದರು ಅವರು. "ಹೊರಗಡೆ ಕೇಳಿದ್ರೆ ಇನ್ನೆರಡು ಸೇರಿಸಿ ಹೇಳ್ತಾರೆ ಸಾರ್, ಅದಕ್ಕೆ ನಾನೇ ಹೇಳ್ಬಿಡ್ತೀನಿ. ಬನ್ನಿ, ಊಟ ಮಾಡಿ. ಉಪ್ಪಿನ ವಿಷಯ ನೀವೇ ನೋಡಿ."

ಉಪ್ಪು ಜಾಸ್ತಿಯೇ ಇತ್ತು. ಆದರೆ ಇಷ್ಟು ನಿಜ ಹೇಳುವ ಮನುಷ್ಯ ಇರುತ್ತಾನೆಯೇ? ನನಗೆ ನಂಬಿಕೆ ಬರಲಿಲ್ಲ. ಮರುವಾರ ಹೆಂಡತಿಗೆ ಮಲ್ಲತ್ತಹಳ್ಳಿ ಕೆರೆ ಸುತ್ತಿ ಬರುತ್ತೇನೆ ಅಂತ ಹೇಳಿ ಮತ್ತೆ ಹುಳಿಯಾರಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಜನರನ್ನು ಕೇಳಿದೆ. ನಾಲ್ವರೂ ಅದೇ ಪಟ್ಟಿ ಒಪ್ಪಿಸಿದರು, ಕೋಪ, ಉಪ್ಪು, ಗೊರಕೆ. ಮಗಳು ಎರಡು ಭಾನುವಾರ ಹುಡುಗನ ಜೊತೆ ಮಾತಾಡಿದಳು. ಬಂದ ಗಂಡುಗಳಿಗೆಲ್ಲ ಬೇಡ ಅಂತ ತಲೆ ಅಲ್ಲಾಡಿಸಿದ್ದವಳು, "ಇವರು ಆಗಬಹುದಪ್ಪ" ಅಂದಾಗ ನನಗೆ ಅಳುವೇ ಬಂತು.

ನಮ್ಮ ರಸ್ತೆ

ಇನ್ನೇನು ಮಾತುಕತೆ ಅನ್ನುವಾಗ ಹುಡುಗನ ಅಪ್ಪನ ಫೋನು ಬಂತು. "ಸಾರ್, ನೆನ್ನೆ ನಿಮ್ಮ ರಸ್ತೆಗೆ ಬಂದಿದ್ದೆ, ವಿಚಾರಿಸೋಕೆ. ಆ ಮನೆಯೋರನ್ನ ನೋಡೇ ಇಲ್ಲ ಅಂತಾರಲ್ಲ ನಿಮ್ಮ ಪಕ್ಕದ ಮನೆಯೋರು! ಮಂಕಿ ಕ್ಯಾಪ್ ಹಾಕ್ಕೊಂಡು ಗಿಡಕ್ಕೆ ನೀರು ಬಿಡೋ ವಾಚ್‌ಮನ್ ಒಬ್ಬ ಇದಾನೆ ಅಷ್ಟೇ ಅಂದ್ರು."

ಆ ಮಂಕಿ ಕ್ಯಾಪ್ ನನ್ನದು. ಆರು ವರ್ಷದಿಂದ ಆ ಪಕ್ಕದ ಮನೆಯವರು ಕಾರಿನ ಗಾಜು ಇಳಿಸಿ ನನಗೆ ಕೈ ಎತ್ತುತ್ತಿದ್ದರು. ವಾಚ್‌ಮನ್‌ಗೆ ಅಂತ ನನಗೇನು ಗೊತ್ತು!

"ನಮ್ಮೂರಲ್ಲಿ ಒಬ್ಬರನ್ನ ಹೀಗೆ ಯಾರೂ ಬಲ್ಲೆ ಅನ್ನಲ್ಲ ಅಂದ್ರೆ, ಏನೋ ದೊಡ್ಡದೇ ಮಾಡಿರ್ತಾರೆ ಅಂತ ಅರ್ಥ" ಅಂದರು ಅವರು. "ಮನೇಲಿ ಹೆದರಿಬಿಟ್ಟಿದಾರೆ ಸಾರ್. ನಾಳೆ ಬರ್ತೀನಿ. ನಿಮ್ಮನ್ನ ಬಲ್ಲೋರು ಒಬ್ರನ್ನ ತೋರಿಸಿ, ಸಾಕು."

ಹನ್ನೆರಡು ವರ್ಷದಿಂದ ಇರುವ ರಸ್ತೆಯಲ್ಲಿ ಒಬ್ಬರು! ಮಗಳು ಅವತ್ತು ಊಟ ಮಾಡದೆ ಎದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಮಾರನೇ ದಿನ ಅವರನ್ನು ಕರೆದುಕೊಂಡು, ಹೆಂಡತಿಯೂ ನಾನೂ, ಯಾರ ಬಾಗಿಲು ತಟ್ಟುವುದು ಅಂತ ತಿಳಿಯದೆ ಹೊರಟೆವು. ರಸ್ತೆ ತಿರುವಿನಲ್ಲಿ ಬಾಗಲಕೋಟೆ ಕಡೆಯ ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ಕೂಗಿದ, "ನಮಸ್ಕಾರ್ರೀ ಸಾಹೇಬ್ರ! ಇವ್ರು ಹುಳಿಯಾರಿನ ಬೀಗ್ರೇನ್ರೀ?"

ನಾವು ಮೂವರೂ ನಿಂತಲ್ಲೇ ನಿಂತೆವು. "ನಿನಗೆ ಯಾರಪ್ಪಾ ಹೇಳಿದ್ದು?" ಅಂದೆ.

"ನಿಮ್ಮ ಅಂಗಿ ಕಿಸೇನ ಹೇಳ್ತೈತ್ರಿ" ಅಂತ ಬಿಸ್ಕತ್ತಿನ ಡಬ್ಬಿಯಿಂದ ನಾಲ್ಕು ಬಸ್ ಟಿಕೆಟ್ ತೆಗೆದ. "ಬೇಕಾಗ್ತಾವೇನೋ ಅಂತ ಇಟ್ಟೀನ್ರಿ."

ಹುಡುಗನ ಅಪ್ಪ ಕನ್ನಡಕ ಹಾಕಿ ಒಂದೊಂದೇ ಓದಿದರು. ತಿಪಟೂರು. ಹಿರಿಯೂರು. ಮುಗಿಯಿತು ನನ್ನ ಮಗಳ ಮದುವೆ ಅಂದುಕೊಂಡೆ. ಹುಳಿಯಾರು. ಹುಳಿಯಾರು.

"ಮಗಳ ಸಲುವಾಗಿ ಬಾಳ ತಿರಗ್ಯಾರ್ರಿ ಪಾಪ" ಅಂದ ಇಸ್ತ್ರಿಯವನು. "ಬ್ಯಾರೆ ಊರಿಗೆಲ್ಲ ಒಂದ ಸಲ. ನಿಮ್ಮೂರಿಗೆ ಅಷ್ಟ ಎರಡ ಸಲ."

ಹುಡುಗನ ಅಪ್ಪ ನನ್ನನ್ನು ನೋಡಿದರು, ಟಿಕೆಟ್ಟು ನೋಡಿದರು, ನನ್ನ ಕೈ ಹಿಡಿದುಕೊಂಡರು. "ಸಿಕ್ಕಿದ್ರಲ್ಲ ಸಾರ್ ಒಬ್ರು! ಇನ್ನು ದಿನ ನೋಡೋಣ ಬನ್ನಿ."

ನನ್ನ ಕಣ್ಣು ತುಂಬಿತು. ಹೆಂಡತಿ ಮಾತ್ರ ಆ ಟಿಕೆಟ್ಟುಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಕೆರೆ ಸುತ್ತಿದ ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ. ಅದಲ್ಲ.

"ಅಲ್ಲಪ್ಪಾ, ಒಗೆದ ಶರ್ಟಲ್ಲಿ ಟಿಕೆಟ್ ಹೀಗೆ ಗರಿಗರಿಯಾಗಿ ಹೇಗೆ ಉಳಿಯುತ್ತೆ?" ಅಂತ ಅವನನ್ನು ಕೇಳಿದಳು.

"ಒಗದಿದ್ರ ಎಲ್ಲಿ ಉಳೀತಿದ್ದವ್ರಿ ಅಕ್ಕಾರ? ಸಾಹೇಬ್ರು ಬಸ್ ಇಳದವ್ರ, ಬೆವರಿನ ಅಂಗಿ ಹಂಗ ತಂದು ಕೊಟ್ಟು, ಮನ್ಯಾಗ ಹೇಳಬ್ಯಾಡ ಅಂತಾರ."

ಗೋಪ್ಯ ವಿಭಾಗದ ಕೊನೆಯ ಕಾಗದವೂ ಹೊರಗೆ ಬಂತು. ಹುಡುಗನ ಅಪ್ಪ ತಲೆ ಅಲ್ಲಾಡಿಸುತ್ತಾ ಅಂದರು, "ಕೋಪ, ಉಪ್ಪು, ಗೊರಕೆ ಎಲ್ಲಾ ನಾನು ಮೊದಲೇ ಹೇಳಿದ್ದೆ. ಇದನ್ನ ನೀವು ಹೇಳಿರ್ಲಿಲ್ಲ ನೋಡಿ!"